ತಲೆಗೆ ಪಿಆರ್‌ಪಿ ಮಾಡಿಸುವ ಮೊದಲು: ಹೆಸರಿಲ್ಲದ ಟ್ಯೂಬು ಕಂಡರೆ ಎದ್ದು ಬನ್ನಿ

ರಕ್ತವನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದ ಮುಚ್ಚಳ ತೆರೆದಾಗ ಒಳಗೆ ನಾಲ್ಕು ಟ್ಯೂಬುಗಳಿದ್ದವು. ನನ್ನ ತಮ್ಮನ ಕೈಯಿಂದ ತುಂಬಿಸಿದ್ದು ಎರಡು. ನಾಲ್ಕರಲ್ಲಿ ಒಂದರ ಮೇಲೂ ಹೆಸರಿಲ್ಲ.

"ಇದ್ರಲ್ಲಿ ಇವನದ್ದು ಯಾವುದಮ್ಮಾ?" ಎಂದೆ.

"ಈ ಬದಿದು ಮೇಡಂ. ನಂಗೆ ಗೊತ್ತುಂಟು," ಎಂದಳು ಹುಡುಗಿ, ನಗುತ್ತಲೇ.

ಹದಿನೇಳು ವರ್ಷದಿಂದ ಲ್ಯಾಬಿನಲ್ಲಿ ರಕ್ತ ತೆಗೆಯುವುದೇ ನನ್ನ ಕಸುಬು. ನನ್ನದೇ "ಗೊತ್ತುಂಟು" ಎಂಬುದನ್ನು ನಾನು ಒಂದು ದಿನವೂ ನಂಬಿದವಳಲ್ಲ. ತಮ್ಮನನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಹೊರಟೆ. "ಎಂತ ಅಕ್ಕ ನೀನು, ದುಡ್ಡು ಕಟ್ಟಿ ಆಯ್ತಲ್ಲ ಮಾರಾಯ್ತಿ" ಎಂದು ಮೆಟ್ಟಿಲಿಳಿಯುವವರೆಗೂ ಗೊಣಗುತ್ತಿದ್ದ. ಕ್ಲಿನಿಕ್ ಮಂಗಳೂರಿನದೇ. ಹೆಸರು ಬೇಡ.

ಆಮೇಲೆ ಬೇರೊಂದು ಕಡೆ ಅವನಿಗೆ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದರೆ ಸ್ವಂತ ರಕ್ತದ ಒಂದು ಭಾಗವನ್ನು ಕೂದಲು ಉದುರುವ ತಲೆಗೆ ಚುಚ್ಚುವುದು) ಮಾಡಿಸಿದೆವು ಕೂಡ. ಅಂದರೆ ಈ ಚಿಕಿತ್ಸೆಯ ಮೇಲೆ ನನಗೆ ಸಿಟ್ಟಿಲ್ಲ. "ನಿಮ್ಮದೇ ರಕ್ತ, ಹಾಗಾಗಿ ಅಪಾಯವೇ ಇಲ್ಲ" ಎನ್ನುವ ಜಾಹೀರಾತಿನ ಮಾತಿನ ಮೇಲೆ ಮಾತ್ರ ಸಿಟ್ಟು. ಅದು ಅರ್ಧ ನಿಜ. ಅಪಾಯ ಇರುವುದು ನಿಮ್ಮ ರಕ್ತದಲ್ಲಿ ಅಲ್ಲ. ತೋಳಿನಿಂದ ಹೊರಟ ರಕ್ತ ತಲೆಗೆ ವಾಪಸ್ ಬರುವ ದಾರಿಯಲ್ಲಿ. ಆ ದಾರಿ ಮುಕ್ಕಾಲು ಗಂಟೆಯದ್ದು. ಅಷ್ಟು ಹೊತ್ತು ಕಣ್ಣು ಬಿಟ್ಟು ಕೂರಲು ಯಾರಿಗೂ ಆಗುತ್ತದೆ.

ಮಾಡುವುದು ಇಷ್ಟು

ತೋಳಿನಿಂದ 10ರಿಂದ 60 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಔಷಧ ಇರುವ ಟ್ಯೂಬಿಗೆ ತುಂಬಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಹೊಸ ತೆಂಗಿನೆಣ್ಣೆಯನ್ನು ಎರಡು ದಿನ ಇಟ್ಟರೆ ಗಸಿ ತಳಕ್ಕೆ ಹೋಗಿ ತಿಳಿ ಮೇಲೆ ನಿಲ್ಲುತ್ತದಲ್ಲ, ಹಾಗೆ ಕೆಂಪು ರಕ್ತಕಣ ಕೆಳಗೆ ಕೂತು ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ದಟ್ಟವಾಗಿರುವ ಭಾಗವನ್ನು ಬೇರೆ ಮಾಡಿ, ಸಣ್ಣ ಸೂಜಿಯಿಂದ ನೆತ್ತಿಗೆ ಅಲ್ಲಲ್ಲಿ ಚುಚ್ಚುತ್ತಾರೆ. ಸಾಮಾನ್ಯ ರಕ್ತದಲ್ಲಿ ಇರುವುದಕ್ಕಿಂತ ಮೂರರಿಂದ ಐದು ಪಟ್ಟು ಪ್ಲೇಟ್‌ಲೆಟ್ ಅದರಲ್ಲಿರುತ್ತದೆ ಎಂಬುದು ಲೆಕ್ಕ. ಅವು ಬಿಡುವ ಬೆಳವಣಿಗೆಯ ಅಂಶಗಳು ಸೊರಗಿದ ಕೂದಲ ಬುಡಕ್ಕೆ ಚುರುಕು ಕೊಡಬಹುದು ಎಂಬುದು ತರ್ಕ. ತಿಂಗಳಿಗೊಂದರಂತೆ ಮೂರು ಸಲ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಎಂಬುದು ರೂಢಿಯಲ್ಲಿರುವ ಕ್ರಮ.

ನಮ್ಮಲ್ಲಿ ಡೆಂಗಿ ಬಂದಾಗ "ಬಿಳಿ ರಕ್ತಕಣ ಇಳಿದಿದೆಯಂತೆ" ಎನ್ನುತ್ತಾರಲ್ಲ, ಜನ ಹೇಳುವುದು ಪ್ಲೇಟ್‌ಲೆಟ್‌ನ ವಿಷಯವನ್ನೇ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಪತ್ರಿಕೆಗಳೂ ಇದನ್ನು ಕಲಸಿ ಬರೆಯುತ್ತವೆ, ಇರಲಿ.

ಕೂದಲು ಯಾಕೆ ಉದುರುತ್ತಿದೆ ಎಂದು ಮೊದಲು ತಿಳಿಯಿರಿ

ಈ ಹಂತವನ್ನು ಹಾರಿಸಿ ನೇರ ಸೂಜಿಗೆ ತಲೆಯೊಡ್ಡುವವರೇ ಹೆಚ್ಚು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕಬೇಕು, ಮತ್ತು ಎಲ್ಲ ಕಾರಣಕ್ಕೂ ಪಿಆರ್‌ಪಿ ಮದ್ದಲ್ಲ.

ಕರಾವಳಿಯಲ್ಲಿ ನಾನು ಪ್ರತಿವರ್ಷ ನೋಡುವ ಕಥೆ ಒಂದುಂಟು. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಡೆಂಗಿಯೋ ಮಲೇರಿಯಾವೋ ಬರುತ್ತದೆ, ವಾರಗಟ್ಟಲೆ ಮಲಗುತ್ತಾರೆ, ಗುಣವಾಗುತ್ತದೆ. ನವರಾತ್ರಿಯ ಹೊತ್ತಿಗೆ ಬಾಚಣಿಗೆ ತುಂಬ ಕೂದಲು. ಜ್ವರ ಮರೆತೇ ಹೋಗಿರುತ್ತದೆ, ಶಾಂಪೂವಿಗೆ ಬೈಗುಳ ಬೀಳುತ್ತದೆ. ದೊಡ್ಡ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ತಟ್ಟನೆ ತೂಕ ಇಳಿಸುವುದು, ಇವುಗಳ ಎರಡು ಮೂರು ತಿಂಗಳ ನಂತರ ತಲೆಯ ತುಂಬ ಕೂದಲು ಉದುರುವುದು ದೇಹದ ಗುಣ. ಕಾರಣ ಕಳೆದ ಮೇಲೆ ಹೆಚ್ಚಿನವರಿಗೆ ಆರು ತಿಂಗಳ ಆಸುಪಾಸಿನಲ್ಲಿ ತಾನೇ ನಿಂತು ಹೊಸ ಕೂದಲು ಬರುತ್ತದೆ. ಈ ಹೊತ್ತಿನಲ್ಲಿ ಮೂರು ಸಿಟ್ಟಿಂಗ್ ಪಿಆರ್‌ಪಿ ಮಾಡಿಸಿದರೆ, ತಾನಾಗಿ ಬಂದ ಕೂದಲಿನ ಕೀರ್ತಿ ಕ್ಲಿನಿಕ್ಕಿಗೆ ಹೋಗುತ್ತದೆ, ನಿಮ್ಮ ದುಡ್ಡೂ ಹೋಗುತ್ತದೆ.

ಗಲ್ಫಿನಿಂದ ಬಂದವರದ್ದು ಇನ್ನೊಂದು: "ದುಬೈ ನೀರು." ಉಪ್ಪಿನಂಶ ಹೆಚ್ಚಿರುವ ನೀರಿಗೆ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಆದರೆ ಹಣೆಯ ಎರಡು ಬದಿ ಹಿಂದೆ ಸರಿದು ನೆತ್ತಿ ಬಯಲಾಗುವುದು ನೀರಿನ ಕೆಲಸವಲ್ಲ. ಅದು ಮನೆತನದಿಂದ ಬಂದ ಬೋಳು. ದುಬೈಯಿಂದ ಬಂದಿದ್ದ ನನ್ನ ತಮ್ಮನಿಗೆ ನಮ್ಮ ಅಪ್ಪನ ಮದುವೆಯ ಫೋಟೋ ತೋರಿಸಿದೆ; ನೀರಿನ ಮಾತು ಅಲ್ಲಿಗೆ ನಿಂತಿತು. ಪಿಆರ್‌ಪಿಯ ಬಗ್ಗೆ ಅಧ್ಯಯನಗಳು ಹೆಚ್ಚಾಗಿ ಆಗಿರುವುದು ಈ ಮನೆತನದ ಬೋಳಿನ ಮೇಲೆಯೇ. ಕೂದಲು ತೆಳ್ಳಗಾಗುತ್ತಿರುವ ಹಂತದಲ್ಲಿ ಕೆಲವರಿಗೆ ದಟ್ಟಣೆ ಹೆಚ್ಚಿದ್ದನ್ನು ಅವು ತೋರಿಸಿವೆ. ಆದರೆ ಹೆಚ್ಚಿನವು ಚಿಕ್ಕ ಅಧ್ಯಯನಗಳು, ಮತ್ತು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಪ್ಲಾಸ್ಮಾ ತಯಾರಿಸಿದ್ದಾರೆ. ಬುಡವೇ ಸತ್ತು ಮಿರಮಿರ ಮಿಂಚುವ ತಲೆಗೆ ಇದರಿಂದ ಪ್ರಯೋಜನವಿಲ್ಲ. ನಾಣ್ಯದ ಹಾಗೆ ದುಂಡಗೆ ಉದುರುವುದು, ತುರಿಸಿ ಹೊಟ್ಟೆದ್ದು ಉದುರುವುದು, ಗಾಯದ ಕಲೆಯಂತೆ ನುಣುಪಾಗಿ ಉದುರುವುದು, ಇವೆಲ್ಲ ಬೇರೆ ಬೇರೆ ಕಾಯಿಲೆ. ಚರ್ಮದ ಡಾಕ್ಟರು ತಲೆ ಮುಟ್ಟಿ, ಭೂತಗನ್ನಡಿಯಲ್ಲಿ ನೋಡಿ ಹೇಳಬೇಕು. ವಾಟ್ಸಾಪಿನಲ್ಲಿ ಫೋಟೋ ತರಿಸಿ ಪ್ಯಾಕೇಜ್ ಹೇಳುವವರ ಹತ್ತಿರ ಹೋಗಬೇಡಿ.

ರಕ್ತಪರೀಕ್ಷೆ ಬರೆದುಕೊಡುತ್ತಾರೆ: ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಣಿಕೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಕೆಲವೊಮ್ಮೆ ಬಿ12 ಮತ್ತು ಡಿ ವಿಟಮಿನ್. ಇಲ್ಲಿ ನನ್ನ ಮೇಜಿನ ಎರಡು ಗುಟ್ಟು. ಒಂದು, ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಡಾಕ್ಟರನ್ನು ಕೇಳಿ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಬಯೋಟಿನ್ ಫಲಿತಾಂಶವನ್ನೇ ತಿರುಚುತ್ತದೆ, ಇಲ್ಲದ ಥೈರಾಯ್ಡ್ ಕಾಯಿಲೆ ಇದ್ದ ಹಾಗೆ ತೋರಿಸುತ್ತದೆ. ಇನ್ನೊಂದು, ಜ್ವರದ ಬೆನ್ನಿಗೇ ಫೆರಿಟಿನ್ ನೋಡಿಸಬೇಡಿ. ಮೈಯಲ್ಲಿ ಉರಿಯೂತ ಇದ್ದಾಗ ಅದು ಏರಿ ಕೂತಿರುತ್ತದೆ, ಕಬ್ಬಿಣದ ಕೊರತೆ ಮುಚ್ಚಿಹೋಗುತ್ತದೆ.

ಯಾರಿಗೆ ಬೇಡ

ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ (ಸಾಮಾನ್ಯ ಮಟ್ಟ 1.5 ಲಕ್ಷದಿಂದ 4.5 ಲಕ್ಷ), ಡೆಂಗಿಯಿಂದ ಈಗಷ್ಟೇ ಎದ್ದವರಿಗೆ, ರಕ್ತಸ್ರಾವದ ಕಾಯಿಲೆ ಇರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ತಲೆಯಲ್ಲಿ ಕುರು, ಕಜ್ಜಿ, ಹುಳುಕಡ್ಡಿ ಇರುವವರಿಗೆ ಬೇಡ. ಬಸುರಿಯರು, ಬಾಣಂತಿಯರು ಮುಂದಕ್ಕೆ ಹಾಕುವುದು ಒಳ್ಳೆಯದು. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ನುಂಗುವವರು ಕೂದಲಿಗೋಸ್ಕರ ಅದನ್ನು ತಾವಾಗಿ ನಿಲ್ಲಿಸಲೇಬಾರದು. ಹೃದಯದ ಡಾಕ್ಟರು ಒಪ್ಪದಿದ್ದರೆ ಪಿಆರ್‌ಪಿ ಬಿಟ್ಟುಬಿಡಿ.

ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಲಿಗ್ನೋಕೇನ್‌ನಂಥ ಮರಗಟ್ಟಿಸುವ ಔಷಧ ಹಿಂದೆ ಒಗ್ಗದೆ ಇದ್ದರೆ ಅದನ್ನೂ ಬರೆಯಿರಿ. ರಕ್ತ ನಿಮ್ಮದಾದರೂ ಆ ಔಷಧ ನಿಮ್ಮದಲ್ಲ.

ಎಲ್ಲಿ ಮಾಡಿಸುವುದು

ಮಂಗಳೂರಿನ ಕಂಕನಾಡಿಯಿಂದ ಉಡುಪಿಯ ಕಲ್ಸಂಕದವರೆಗೆ ಬೋರ್ಡುಗಳಿಗೆ ಬರವಿಲ್ಲ. ಬೋರ್ಡಿನ ಮೇಲಿನ ಕೂದಲು ನೋಡಬೇಡಿ, ಗೋಡೆಯ ಮೇಲಿನ ಕಾಗದ ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಅಡಿಯಲ್ಲಿ ನೋಂದಣಿ ಮಾಡಿಸಿ ಅದರ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. 2024ರಲ್ಲಿ ಆರೋಗ್ಯ ಇಲಾಖೆ ನೋಂದಣಿ ಸಂಖ್ಯೆಯ ಫಲಕಕ್ಕೆ ಬಣ್ಣವನ್ನೂ ಹೇಳಿತು: ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಬ್ಯೂಟಿ ಪಾರ್ಲರಿನ ಒಳಕೋಣೆಯಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ರಕ್ತ ತೆಗೆಯುತ್ತೇವೆ ಎಂದರೆ ಚಪ್ಪಲಿ ಹಾಕಿಕೊಳ್ಳಿ.

ಡಾಕ್ಟರ ಹೆಸರಿನ ಮುಂದೆ ಚರ್ಮರೋಗದ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ ಎಂಬ ವಿದ್ಯಾರ್ಹತೆ ಇದೆಯೇ ನೋಡಿ. "ಕಾಸ್ಮೆಟಾಲಜಿಸ್ಟ್", "ಟ್ರೈಕಾಲಜಿಸ್ಟ್" ಎಂಬ ಹೆಸರುಗಳು ಚಿಕ್ಕ ಕೋರ್ಸಿನಿಂದಲೂ ಸಿಗುತ್ತವೆ. ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರಿದೆಯೇ ನೋಡಬಹುದು. (ಅದನ್ನೂ ಚುಟುಕಾಗಿ ಕೆಎಂಸಿ ಎನ್ನುತ್ತಾರೆ. ಮಂಗಳೂರಿನವರು ಇದನ್ನು ಕೇಳಿ ನೇರ ಅತ್ತಾವರದ ಕೆಎಂಸಿ ಆಸ್ಪತ್ರೆಗೆ ರಿಕ್ಷಾ ಹತ್ತಬೇಡಿ.) ಡಾಕ್ಟರು ಇದ್ದಾರೆ ಎನ್ನುವುದಷ್ಟೇ ಸಾಲದು, ತಲೆಗೆ ಚುಚ್ಚುವವರು ಯಾರು ಎಂದು ಕೇಳಿ. ಹೊರಗಿನ ಕೋಣೆಯಲ್ಲಿ ಡಾಕ್ಟರು, ಒಳಗೆ ಸೂಜಿ ಹಿಡಿದವರು ಇನ್ಯಾರೋ ಎನ್ನುವ ವ್ಯವಸ್ಥೆ ಬೇಡ. ನಮ್ಮೂರುಗಳಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿವೆ. ಅವುಗಳ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿ ಎರಡನೇ ಅಭಿಪ್ರಾಯ ಪಡೆಯಲು ಹೆಚ್ಚು ಖರ್ಚಿಲ್ಲ. ಒಂದು ಬೆಳಿಗ್ಗೆ ಕಾಯಬೇಕು, ಅಷ್ಟೆ.

ದುಡ್ಡು ಕಟ್ಟುವ ಮೊದಲು ಕೇಳುವುದು

"ಪ್ಲಾಸ್ಮಾದೊಂದಿಗೆ ಬೇರೆ ಏನು ಬೆರೆಸುತ್ತೀರಿ?" ಇದು ಮೊದಲ ಪ್ರಶ್ನೆ. ಈಗ "ಎಕ್ಸೋಸೋಮ್" ಎಂಬ ಹೊಸ ಮಾತು ಬಂದಿದೆ, ಪಿಆರ್‌ಪಿಗಿಂತ ದುಬಾರಿ, ಪಿಆರ್‌ಪಿಯ ಅಣ್ಣ ಎಂಬಂತೆ ಮಾರುತ್ತಾರೆ. ಅದು ನಿಮ್ಮ ರಕ್ತದಿಂದ ಬಂದದ್ದಲ್ಲ, ಬೇರೆ ಜೀವಕೋಶಗಳಿಂದ ತೆಗೆದು ಬಾಟಲಿಗೆ ತುಂಬಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಉತ್ಪನ್ನಗಳ ಬಗ್ಗೆ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು. "ಸ್ವಂತ ರಕ್ತ" ಎಂಬ ಅರ್ಧ ನಿಜವೂ ಅಲ್ಲಿ ಇಲ್ಲ.

ಪಿಆರ್‌ಪಿ ತಯಾರಿಸುವ ಸಾಧನಗಳಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿರುವುದು ಮುಖ್ಯವಾಗಿ ಮೂಳೆ ಶಸ್ತ್ರಚಿಕಿತ್ಸೆಯ ಬಳಕೆಗೆ. ಕೂದಲಿಗೆ ಬಳಸುವುದು ಡಾಕ್ಟರ ವಿವೇಚನೆಯ ಮೇಲೆ. ಕೂದಲಿಗೆಂದೇ ಅನುಮತಿ ಪಡೆದ ಮಿನಾಕ್ಸಿಡಿಲ್, ಗಂಡಸರಿಗೆ ಫಿನಾಸ್ಟರೈಡ್, ಇವುಗಳ ಮಾತನ್ನೇ ಎತ್ತದೆ ನೇರ ಪಿಆರ್‌ಪಿಗೆ ಬರುವ ಕ್ಲಿನಿಕ್ಕಿನಲ್ಲಿ ನನಗೆ ಅನುಮಾನ.

ಗಲ್ಫಿನವರು ಇಲ್ಲಿ ಸಿಕ್ಕಿಬೀಳುತ್ತಾರೆ. ರಜೆ ನಲವತ್ತು ದಿನ, ಚಿಕಿತ್ಸೆಗೆ ಬೇಕಾದ ಅಂತರ ತಿಂಗಳು. "ಹತ್ತು ದಿನಕ್ಕೊಂದು ಹಾಕಿ ಮುಗಿಸಿ ಕಳಿಸುತ್ತೇವೆ" ಎಂದು ನಮಗೂ ಹೇಳಿದ್ದರು. ರಜೆಯ ಲೆಕ್ಕಕ್ಕೆ ಕೂದಲ ಬುಡ ಕುಣಿಯುವುದಿಲ್ಲ. ಹಾಗೆಯೇ "ಮದುವೆ ಪ್ಯಾಕೇಜ್" ಎಂದು ತಲೆಯ ಜೊತೆ ಮುಖಕ್ಕೂ ಪಿಆರ್‌ಪಿ ಸೇರಿಸಿದರೆ ಮುಖದ್ದನ್ನು ಬೇಡ ಎನ್ನಿ. ಕಣ್ಣಿನ ಸುತ್ತ ಚುಚ್ಚಿದಾಗ ರಕ್ತನಾಳ ಕಟ್ಟಿಕೊಂಡು ದೃಷ್ಟಿ ಹೋದ ಪ್ರಕರಣಗಳು, ತೀರ ಅಪರೂಪವಾದರೂ, ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ.

ಹಿಂದಿನ ವಾರ

ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ನ ಕೆಲಸವನ್ನೇ ಮಂಕು ಮಾಡುತ್ತವೆ. ಡಾಕ್ಟರನ್ನು ಕೇಳಿ ಒಂದು ವಾರ ಬಿಡಿ. ತಲೆನೋವು ಬಂದರೆ ಪ್ಯಾರಸಿಟಮಾಲ್ ಸಾಕು. ಸಿಗರೇಟು, ಮದ್ಯ ಬೇಡ. ಆ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ನಾಲ್ಕು ಇಡ್ಲಿ ತಿಂದು, ಎರಡು ಲೋಟ ನೀರು ಕುಡಿದು ಹೋದರೆ ನರ ಸುಲಭಕ್ಕೆ ಸಿಗುತ್ತದೆ, ತಲೆ ತಿರುಗಿ ಬೀಳುವುದೂ ತಪ್ಪುತ್ತದೆ. ನನ್ನ ಮುಂದೆ ತಲೆ ತಿರುಗಿ ಬಿದ್ದವರಲ್ಲಿ ದಪ್ಪ ಮೀಸೆಯವರೇ ಹೆಚ್ಚು.

ಆ ಮುಕ್ಕಾಲು ಗಂಟೆ

ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ನೆತ್ತಿಯ ಹಿಂದೆ ಏನಾಗುತ್ತದೆ ಎಂದು ನಿಮಗೆ ಕಾಣದು.

ರಕ್ತ ತೆಗೆಯುವವರು ಕೈ ತೊಳೆದು ಹೊಸ ಗ್ಲೌಸ್ ಹಾಕಬೇಕು. ಸಿರಿಂಜು, ಸೂಜಿ, ಟ್ಯೂಬು ಮೂರರ ಪೊಟ್ಟಣವನ್ನೂ ನಿಮ್ಮ ಕಣ್ಣೆದುರು ಒಡೆಯಬೇಕು. ಒಡೆದೇ ಇಟ್ಟಿದ್ದರೆ "ಇನ್ನೊಂದು ತೆಗೆಯಿರಿ" ಎನ್ನಿ. ಟ್ಯೂಬಿನ ಚೀಟಿ ಓದಿ. ಅದರ ಮೇಲೆ ಐವಿಡಿ ಎಂಬ ಮೂರು ಇಂಗ್ಲಿಷ್ ಅಕ್ಷರವಿದ್ದರೆ ಅದು ಲ್ಯಾಬಿನಲ್ಲಿ ಪರೀಕ್ಷೆಗೆಂದು ಮಾಡಿದ ಟ್ಯೂಬು. ಅದರೊಳಗಿನದನ್ನು ಮತ್ತೆ ಮೈಗೆ ಚುಚ್ಚಲೆಂದು ಮಾಡಿದ್ದಲ್ಲ. ನೇರಳೆ ಮುಚ್ಚಳದ ಟ್ಯೂಬನ್ನು ನಾನು ದಿನಕ್ಕೆ ನೂರು ಸಲ ಮುಟ್ಟುತ್ತೇನೆ. ಅದರಲ್ಲಿರುವ ಇಡಿಟಿಎ ಎಂಬ ಹೆಪ್ಪುಗಟ್ಟದ ಔಷಧ ರಕ್ತಕಣಗಳ ಎಣಿಕೆಗೆ ಚೆನ್ನ, ಪಿಆರ್‌ಪಿಗೆ ಸಲ್ಲ. ಪಿಆರ್‌ಪಿಗೆಂದೇ ಬರುವ ಮುಚ್ಚಿದ ಕಿಟ್ ಇರುತ್ತದೆ. ಅದರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕದ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಹೆಸರಿನ ವಿಷಯ. ರಕ್ತ ತುಂಬಿದ ಕೂಡಲೇ, ನಿಮ್ಮ ಪಕ್ಕದಲ್ಲೇ, ಟ್ಯೂಬಿನ ಮೇಲೆ ನಿಮ್ಮ ಹೆಸರು ಮತ್ತು ಇನ್ನೊಂದು ಗುರುತು (ವಯಸ್ಸೋ ನೋಂದಣಿ ಸಂಖ್ಯೆಯೋ) ಬರೆಯಬೇಕು. ಮುಚ್ಚಳದ ಮೇಲಲ್ಲ, ಟ್ಯೂಬಿನ ಮೇಲೆ. ಪಕ್ಕದ ಕೋಣೆಗೆ ಹೋಗಿ ಬರೆಯುತ್ತೇವೆ ಎಂದರೆ ಒಪ್ಪಬೇಡಿ. ಯಾಕೆ ಇಷ್ಟು ಹಟ ಎಂದರೆ, ಸೆಂಟ್ರಿಫ್ಯೂಜ್ ಒಂದು ಟ್ಯೂಬಿನಿಂದ ತಿರುಗುವ ಯಂತ್ರವಲ್ಲ. ತಕ್ಕಡಿಯ ಹಾಗೆ ಎದುರು ಬದಿಗೆ ಅಷ್ಟೇ ತೂಕದ ಇನ್ನೊಂದು ಇಡಲೇಬೇಕು, ಇಲ್ಲದಿದ್ದರೆ ಯಂತ್ರ ಗಡಗಡ ನಡುಗುತ್ತದೆ. ಎದುರಿಗೆ ನಿಮ್ಮದೇ ರಕ್ತದ ಟ್ಯೂಬು ಅಥವಾ ನೀರು ತುಂಬಿದ ಟ್ಯೂಬು ಇಡಬಹುದು. ಗಡಿಬಿಡಿಯ ಶನಿವಾರ ಸಂಜೆ, ಪಕ್ಕದ ಕುರ್ಚಿಯವರ ಟ್ಯೂಬನ್ನೇ ಎದುರಿಗಿಟ್ಟು ಒಂದೇ ಸುತ್ತಿನಲ್ಲಿ ಇಬ್ಬರದ್ದು ಮುಗಿಸಿಬಿಡುವ ಆಸೆ ಬರುತ್ತದೆ. ಯಂತ್ರ ನಿಂತಾಗ ಎಲ್ಲ ಟ್ಯೂಬುಗಳೂ ಒಂದೇ ತರ: ಕೆಳಗೆ ಕೆಂಪು, ಮೇಲೆ ಹಳದಿ. ರಕ್ತಕ್ಕೆ ಮುಖ ಇಲ್ಲ. ನನ್ನ ತಮ್ಮನ ಆ ನಾಲ್ಕು ಟ್ಯೂಬುಗಳು ಹಾಗೆ ಒಟ್ಟಾದದ್ದು.

ಬದಲಾದರೆ ಏನಾಗುತ್ತದೆ? ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಈ ದಾರಿಯಲ್ಲಿ ಬರಬಹುದು. ಹೆಪಟೈಟಿಸ್ ಬಿ ವೈರಸ್ಸಂತೂ ಒಣಗಿದ ಮೇಜಿನ ಮೇಲೂ ಏಳು ದಿನ ಜೀವಂತ ಇರಬಲ್ಲದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಸೂಜಿ ಹಾಕಿಸಿಕೊಂಡ ಮೂವರಿಗೆ ಎಚ್‌ಐವಿ ಅಲ್ಲಿಂದಲೇ ತಗುಲಿರಬೇಕೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ತನಿಖೆಗೆ ಹೋದವರಿಗೆ ಅಲ್ಲಿ ಕಂಡದ್ದು ಅಡುಗೆಕಟ್ಟೆಯ ಮೇಲೆ ಹೆಸರಿಲ್ಲದ ರಕ್ತದ ಟ್ಯೂಬುಗಳು, ಫ್ರಿಜ್ಜಿನಲ್ಲಿ ಊಟದ ಪಕ್ಕದಲ್ಲೇ ಇನ್ನಷ್ಟು. ಪಿಆರ್‌ಪಿಯನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಸಲಕ್ಕೆ ಉಳಿಸುವುದು ಎಂಬುದೇ ಇಲ್ಲ, ತಿಳಿದಿರಲಿ. ತೆಗೆದ ದಿನವೇ, ತೆಗೆದ ಹೊತ್ತಿಗೇ.

ಚುಚ್ಚುವಾಗ ನೋವಾಗುತ್ತದೆ, ಹಣೆಯ ಗೆರೆಯಲ್ಲಿ ಹೆಚ್ಚು. ಸಣ್ಣ ಸೂಜಿಗಳಿರುವ ರೋಲರ್ ಅಥವಾ ಸೂಜಿಪೆನ್ನು ಬಳಸಿದರೆ ಅದರ ತುದಿ ಹೊಸತೇ ಎಂದು ನೋಡಿ. "ನಿಮ್ಮದೇ ರೋಲರ್, ತೊಳೆದು ಇಟ್ಟಿದ್ದೇವೆ" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮುಗಿದ ಮೇಲೆ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು. ಎರಡೂ ಒಂದೇ ಬಕೆಟ್ಟಿಗೆ ಬಿದ್ದರೆ ಆ ಕ್ಲಿನಿಕ್ಕಿನ ಉಳಿದ ಶಿಸ್ತೂ ಅಷ್ಟೇ ಎಂದು ತಿಳಿಯಿರಿ.

ಮನೆಗೆ ಬಂದ ಮೇಲೆ

ಎರಡು ಮೂರು ದಿನ ತಲೆ ಬಿಗಿದಂತೆ ಇರುತ್ತದೆ. ಹಣೆ ಊದಿ ಊತ ಕಣ್ಣಿನ ತನಕ ಇಳಿಯಬಹುದು, ಸಣ್ಣ ತಲೆನೋವು ಬರಬಹುದು. ಮೊದಲ ವಾರಗಳಲ್ಲಿ ಸ್ವಲ್ಪ ಹೆಚ್ಚು ಕೂದಲು ಉದುರುವುದೂ ಉಂಟು. ಡಾಕ್ಟರು ಹೇಳುವವರೆಗೆ, ಸಾಮಾನ್ಯವಾಗಿ ಮರುದಿನದ ತನಕ, ತಲೆಗೆ ನೀರು ಬೇಡ. ನಮ್ಮ ಸೆಕೆಗೆ ಇದೇ ಕಷ್ಟ: ಬೆವರು, ಅದರ ಮೇಲೆ ಹೆಲ್ಮೆಟ್. ಸಾಧ್ಯವಾದರೆ ಎರಡು ದಿನ ಬಸ್ಸಿನಲ್ಲಿ ಓಡಾಡಿ. ಮಲ್ಪೆ, ಪಣಂಬೂರಿನ ಸಮುದ್ರಸ್ನಾನ, ಈಜುಕೊಳ, ದೇವಸ್ಥಾನದ ಕೆರೆ ಒಂದು ವಾರ ಬೇಡ. ಎಣ್ಣೆ, ಬಣ್ಣವೂ ಹಾಗೆಯೇ. ಯಕ್ಷಗಾನ ಮೇಳದಲ್ಲಿ ವೇಷ ಕಟ್ಟುವವರು ಪತ್ತನಾಜೆ (ಮೇ ತಿಂಗಳಲ್ಲಿ ಮೇಳದ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಶುರುಮಾಡುವುದು ಲೇಸು. ರಾತ್ರಿಯೆಲ್ಲ ತಲೆಗೆ ಬಿಗಿಯುವ ಬಟ್ಟೆ, ಅದರ ಮೇಲೆ ಕಿರೀಟದ ಭಾರ ಹೊತ್ತರೆ ಕೂದಲ ಬುಡಕ್ಕೆ ಅದೇ ಒಂದು ಕಾಯಿಲೆ.

ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು ಮತ್ತು ನೋವು, ಕುತ್ತಿಗೆಯಲ್ಲಿ ಗಂಟು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಕಣ್ಣು ಮಂಜಾದರೆ, ತಡೆಯಲಾರದ ತಲೆನೋವು ಬಂದರೆ ನೇರ ತುರ್ತುಚಿಕಿತ್ಸೆಗೆ.

ಸೂಜಿಯೋ ಟ್ಯೂಬೋ ಬದಲಾಗಿದೆ ಎಂಬ ಅನುಮಾನ ಬಂದರೆ

ನಾಚಿಕೆಗೆ ಸಮಯವಿಲ್ಲ. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರುಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಾದರೆ ಇನ್ನೂ ಒಳ್ಳೆಯದು. ಮಂಗಳೂರಿನವರು ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ. ಎಚ್‌ಐವಿ ಪರೀಕ್ಷೆ ಅಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಆಗಿರದಿದ್ದರೆ ಅದನ್ನೂ ಕೇಳಿ. ಮೊದಲ ದಿನದ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೆ ಅದು ನಿಮ್ಮ ಹಿಂದಿನ ಸ್ಥಿತಿ ಮಾತ್ರ. ಹೇಳಿದ ದಿನಾಂಕಕ್ಕೆ ಮತ್ತೆ ಹೋಗಲೇಬೇಕು. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರಹದಲ್ಲಿ ಕೊಡಿ, ರಶೀದಿ ಮತ್ತು ಕಿಟ್ಟಿನ ಫೋಟೋ ಸಮೇತ. ನಾವು ದೂರು ಕೊಡಲಿಲ್ಲ. ತಮ್ಮನಿಗೆ ಚುಚ್ಚಿರಲಿಲ್ಲ ಎಂಬ ನೆಪ. ಉಳಿದೆರಡು ಟ್ಯೂಬುಗಳು ಯಾರವು ಎಂಬುದು ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತದೆ.

ಫಲ ಸಿಕ್ಕಿತೇ ಎಂದು ನೋಡುವುದು

ಕನ್ನಡಿಯನ್ನು ನಂಬಬೇಡಿ. ಮೊದಲ ದಿನವೇ ಒಂದು ಜಾಗ ಗೊತ್ತುಮಾಡಿ, ಒಣಗಿದ ತಲೆಯ, ಬೈತಲೆ ಒಂದೇ ಕಡೆ ಇರುವಂತೆ ಫೋಟೋ ತೆಗೆಯಿರಿ. ಪ್ರತಿ ತಿಂಗಳೂ ಅದೇ ಜಾಗ, ಅದೇ ಹೊತ್ತು. ತಮ್ಮ ಎರಡನೇ ಸಿಟ್ಟಿಂಗ್ ಮುಗಿಸಿ ವಿಮಾನ ಹತ್ತಿದ. ಯಾವ ಕಿಟ್, ಎಷ್ಟು ಮಿ.ಲೀ., ಯಾವ ದಿನಾಂಕ ಎಂದು ಡಾಕ್ಟರ ಸಹಿ ಇರುವ ಚೀಟಿ ಅವನ ಕೈಯಲ್ಲಿತ್ತು. ಮೊದಲ ಫೋಟೋ ತೆಗೆದದ್ದು ನಮ್ಮ ಮನೆಯ ತುಳಸಿಕಟ್ಟೆಯ ಎದುರು, ಬೆಳಿಗ್ಗೆ ಎಂಟಕ್ಕೆ. ಆರು ತಿಂಗಳ ನಂತರದ್ದು ದುಬೈಯ ಲಿಫ್ಟಿನೊಳಗಿಂದ ಬಂತು, ಮೇಲಿನಿಂದ ಬಿಳಿ ದೀಪ. ಅಮ್ಮ "ಚೂರು ದಪ್ಪ ಆದ ಹಾಗುಂಟು" ಎಂದರು. ಬೆಳಕು ಬೇರೆ, ಲೆಕ್ಕಕ್ಕಿಲ್ಲ ಎಂದು ನಾನು ವಾಪಸ್ ಕಳಿಸಿದೆ.